ನಮೀಬಿಯಾ ಕಡಲತೀರ: ಪುಟ್ಟ ವಿಮಾನದಲ್ಲಿ ನೋಡುವುದು ಹೇಗೆ?

2022ರಲ್ಲಿ ಕುನೋಗೆ ಚೀತಾಗಳು ಬಂದ ಮೇಲೆ ನಮೀಬಿಯಾ ಹೆಸರು ನಮಗೆಲ್ಲ ಪರಿಚಯವಾಯಿತು. ಆ ದೇಶದ ತೀರದಲ್ಲಿ ಮರುಭೂಮಿಯ ಮರಳು ನೇರ ಅಟ್ಲಾಂಟಿಕ್ ಸಾಗರಕ್ಕೇ ಇಳಿಯುತ್ತದೆ. ನೂರಾರು ಕಿಲೋಮೀಟರ್ ಊರಿಲ್ಲ, ರಸ್ತೆಯಿಲ್ಲ. ಅಲ್ಲಿನ ಜಲ್ಲಿ ಬಯಲಲ್ಲಿ ಜೀಪಿನ ಗಾಲಿಯ ಗುರುತು ದಶಕಗಟ್ಟಲೆ ಅಳಿಯುವುದಿಲ್ಲ. ಅದಕ್ಕೇ ಈ ತೀರವನ್ನು ಮೇಲಿನಿಂದ ನೋಡುವುದೇ ಒಳ್ಳೆಯದು.

ಮೊದಲು ಯಾವ ಹಾರಾಟ ಬೇಕೆಂದು ತೀರ್ಮಾನಿಸಿ. ಉತ್ತರದ ಸ್ಕೆಲಿಟನ್ ಕೋಸ್ಟ್ ಎಂಬ ತೀರಭಾಗದಲ್ಲಿ ಅಲ್ಲಲ್ಲಿ ಇಳಿದು ಕ್ಯಾಂಪಿನಲ್ಲಿ ಉಳಿಯುವ ಹಲವು ದಿನಗಳ ಪ್ರವಾಸವಿದೆ. ಅದು ತುಂಬಾ ದುಬಾರಿ. ಮೊದಲ ಸಲ ಹೋಗುವವರಿಗೆ ಸ್ವಾಕೊಪ್‌ಮುಂಡ್ ಎಂಬ ಕಡಲೂರಿನಿಂದ ಹೊರಡುವ ಎರಡು ಗಂಟೆ ಚಿಲ್ಲರೆ ಹಾರಾಟ ಸಾಕು. ಸೋಸುಸ್‌ವ್ಲೇ ಮರಳ ದಿಬ್ಬಗಳನ್ನು ದಾಟಿ, ತೀರ ಹಿಡಿದು ವಾಪಸ್ ಬರುತ್ತಾರೆ. ದಾರಿಯಲ್ಲಿ 1909ರಲ್ಲಿ ನೆಲಕ್ಕೆ ಸಿಕ್ಕಿಕೊಂಡ ಎಡ್ವರ್ಡ್ ಬೋಲೆನ್ ಹಡಗು ಕಾಣುತ್ತದೆ. ಮರಳು ಸಮುದ್ರವನ್ನು ಹಿಂದಕ್ಕೆ ತಳ್ಳಿದ್ದರಿಂದ ಆ ಹಡಗೀಗ ನೀರಿನಿಂದ ನೂರಾರು ಮೀಟರ್ ಒಳಗೆ ನಿಂತಿದೆ! ವಿಮಾನದ ಸೀಟು ತುಂಬಿದಷ್ಟೂ ತಲೆಗೆ ಬೀಳುವ ದರ ಕಡಿಮೆ. ಗುಂಪು ಕಟ್ಟಿಕೊಂಡು ಹೋದರೆ ಅನುಕೂಲ.

ಬೆಂಗಳೂರಿನಿಂದ ನೇರ ವಿಮಾನವಿಲ್ಲ. ಅಡಿಸ್ ಅಬಾಬಾ ಅಥವಾ ಜೋಹಾನ್ಸ್‌ಬರ್ಗ್ ಮೂಲಕ ರಾಜಧಾನಿ ವಿಂಡ್‌ಹುಕ್ ತಲುಪಿ, ಅಲ್ಲಿಂದ ಸ್ವಾಕೊಪ್‌ಮುಂಡ್‌ಗೆ ಸುಮಾರು 360 ಕಿ.ಮೀ. ರಸ್ತೆಯಲ್ಲಿ ಹೋಗಬೇಕು. ಅಡಿಸ್‌ನಲ್ಲಿ ಏರ್‌ಪೋರ್ಟ್‌ನಿಂದ ಹೊರಗೆ ಕಾಲಿಟ್ಟರೆ, ಭಾರತಕ್ಕೆ ಮರಳುವಾಗ ಹಳದಿ ಜ್ವರದ ಲಸಿಕೆ ಪತ್ರ ಕೇಳಬಹುದು. ಲಸಿಕೆಯನ್ನು ಕನಿಷ್ಠ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು.

ಇನ್ನು ಎಲ್ಲಕ್ಕಿಂತ ಮುಖ್ಯವಾದ ಮಾತು: ಸ್ವಾಕೊಪ್‌ಮುಂಡ್‌ನಲ್ಲಿ ಒಂದೆರಡು ದಿನ ಜಾಸ್ತಿ ಇಟ್ಟುಕೊಳ್ಳಿ. ತೀರದುದ್ದಕ್ಕೂ ಬೆಂಗ್ವೆಲಾ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಅದರ ಮೇಲೆ ಬೀಸುವ ತೇವದ ಗಾಳಿ ತಣಿದು ದಟ್ಟ ಮಂಜಾಗುತ್ತದೆ. ಬೆಳಗ್ಗೆ ಎಷ್ಟೋ ಸಲ ರನ್‌ವೇಯೇ ಕಾಣುವುದಿಲ್ಲ. ಮಧ್ಯಾಹ್ನ ಮಂಜು ಕರಗುವ ಹೊತ್ತಿಗೆ ಕಾದ ಮರಳಿನಿಂದ ಬಿಸಿ ಗಾಳಿ ಏಳುತ್ತದೆ, ಪುಟ್ಟ ವಿಮಾನ ಚೆನ್ನಾಗಿಯೇ ಕುಲುಕುತ್ತದೆ. ಇಳಿಹೊತ್ತಿನಲ್ಲಿ ದಿಬ್ಬಗಳ ನೆರಳು ಉದ್ದವಾಗಿ, ನೋಟ ಬಲು ಚೆನ್ನ. ಆದರೆ ಪೈಲಟ್ 'ಇವತ್ತು ಬೇಡ' ಎಂದರೆ ವಾದ ಮಾಡಬೇಡಿ. ಮಾರನೇ ದಿನವೇ ವಾಪಸ್ ಟಿಕೆಟ್ ಇದ್ದವರಿಗೆ ಒತ್ತಾಯ ಮಾಡುವ ಆಸೆ ಹುಟ್ಟುತ್ತದೆ, ಅಲ್ವಾ? ಆ ಆಸೆ ಹುಟ್ಟದ ಹಾಗೆ ಇಲ್ಲಿಂದಲೇ ಯೋಜನೆ ಹಾಕಿ.

ಸಾಮಾನ್ಯವಾಗಿ ಬಳಸುವುದು ಸೆಸ್ನಾ 210. ಪೈಲಟ್ ಸೇರಿ ಆರು ಸೀಟು. ಜಕ್ಕೂರಿನ ಮೇಲೆ ಹಾರುವ ತರಬೇತಿ ವಿಮಾನಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ರೆಕ್ಕೆ ತಲೆಯ ಮೇಲಿರುವುದರಿಂದ ಕೆಳಗಿನದೆಲ್ಲ ಕಾಣುತ್ತದೆ. ತೂಕ ಕೇಳಿದರೆ ನಾಚದೆ ನಿಜ ಹೇಳಿ; ಯಾರನ್ನು ಎಲ್ಲಿ ಕೂರಿಸಬೇಕೆಂಬ ಲೆಕ್ಕ ಅದರ ಮೇಲೆಯೇ. ಕ್ಯಾಂಪಿಗೆ ಹೋಗುವುದಾದರೆ ಗಟ್ಟಿ ಸೂಟ್‌ಕೇಸ್ ಬೇಡ, ಮೆತ್ತನೆಯ ಚೀಲ ಒಯ್ಯಿರಿ. ವಿಮಾನದೊಳಗೆ ಶೌಚಾಲಯವಿಲ್ಲ. ಹೊಟ್ಟೆ ತೊಳಸುವವರು ಹಗುರ ತಿಂಡಿ ತಿಂದು, ವೈದ್ಯರು ಹೇಳಿದ ಮಾತ್ರೆಯನ್ನು ಹೊರಡುವ ಮೊದಲೇ ತಗೊಳ್ಳಿ. ಗಾಜಿನಲ್ಲಿ ಬಿಂಬ ಮೂಡದಂತೆ ಕಪ್ಪು ಅಂಗಿ ಹಾಕಿ. ಕ್ಯಾಮೆರಾವನ್ನು ಗಾಜಿಗೆ ಒತ್ತಬೇಡಿ, ನಡುಕಕ್ಕೆ ಚಿತ್ರ ಮಸುಕಾಗುತ್ತದೆ.

ಬುಕ್ ಮಾಡುವ ಮುನ್ನ ಒಂದು ಪ್ರಶ್ನೆ ಕೇಳಲೇಬೇಕು: ಸೀಲ್ ಎಂಬ ಕಡಲ ಪ್ರಾಣಿಗಳ ಗುಂಪಿನ ಮೇಲೆ ಎಷ್ಟು ಎತ್ತರದಲ್ಲಿ ಹಾರುತ್ತೀರಿ? ತೀರದಲ್ಲಿ ಅವು ಸಾವಿರಗಟ್ಟಲೆ ಮಲಗಿರುತ್ತವೆ. ವಿಮಾನ ಕೆಳಗೆ ಬಂದರೆ ದೊಡ್ಡವು ಬೆದರಿ ನೀರಿನತ್ತ ನುಗ್ಗುತ್ತವೆ, ಮರಿಗಳು ಕಾಲ್ತುಳಿತಕ್ಕೆ ಸಿಕ್ಕುತ್ತವೆ. 'ತೀರಾ ಹತ್ತಿರ ತೋರಿಸುತ್ತೇವೆ' ಎನ್ನುವವರನ್ನು ಬಿಟ್ಟು ಬೇರೆಯವರ ಹತ್ತಿರ ಹೋಗಿ.