ನಮ್ಮ ಓಣಿಯ ಹಬ್ಬದ ಚೀಟಿ

ದಾವಣಗೆರೆಯ ಹಳೇ ಊರಿನ ಭಾಗದಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ನಮ್ಮ ಅತ್ತೆ ಶುರು ಮಾಡಿದ್ದು. ಅವರು ಹೋದ ಮೇಲೆ ಗಲ್ಲಾದಲ್ಲಿ ನಾನು ಕೂರುತ್ತೇನೆ. ಓಣಿಯಲ್ಲಿ ಯಾರ ಮನೆಗೆ ಕಷ್ಟ ಬಂದಿದೆ ಅನ್ನೋದು ಎಲ್ಲರಿಗಿಂತ ಮೊದಲು ಗೊತ್ತಾಗೋದು ಕಿರಾಣಿ ಅಂಗಡಿಯವರಿಗೆ. ಯಾರೂ ಬಾಯಿ ಬಿಟ್ಟು ಹೇಳಬೇಕಾಗಿಲ್ಲ, ಉದ್ರಿ ಪುಸ್ತಕ ತೆಗೆದರೆ ಸಾಕು. ಲೀಟರ್ ಎಣ್ಣೆ ಒಯ್ಯುತ್ತಿದ್ದವರು ಅರ್ಧ ಲೀಟರ್‌ಗೆ ಇಳಿಯುತ್ತಾರೆ, ಆಮೇಲೆ ಇಪ್ಪತ್ತು ರೂಪಾಯಿಯ ಎಣ್ಣೆ ಕೊಡಿ ಅನ್ನುತ್ತಾರೆ. ತೊಗರಿಬೇಳೆ ನಿಲ್ಲುತ್ತದೆ. ಚಾಪುಡಿ, ಸಕ್ಕರೆ ಮಾತ್ರ ಉಳಿಯುತ್ತದೆ. ತಾವೇ ಬರುತ್ತಿದ್ದವರು ಮಕ್ಕಳನ್ನು ಕಳಿಸುತ್ತಾರೆ, ಯಾಕಂದರೆ ಹಳೇ ಬಾಕಿ ಕೇಳಿದರೆ ಮಗು ಉತ್ತರ ಕೊಡಬೇಕಾಗಿಲ್ಲ. ಎಲ್ಲಕ್ಕಿಂತ ಜಾಸ್ತಿ ಭಯ ಆಗೋದು ಉದ್ರಿ ಬರೆಸುತ್ತಿದ್ದವರು ಪೂರ್ತಿ ಬರೋದನ್ನೇ ಬಿಟ್ಟಾಗ.

ಹಬ್ಬದ ಹೊತ್ತಿಗೆ ನೆರೆಹೊರೆಯವರಿಗೆ ಏನಾದರೂ ಮಾಡಬೇಕು ಅಂತ ತುಂಬಾ ಜನ ಕೇಳುತ್ತಾರೆ. ನಾನು ಮಾಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ, ಮೊದಲು ತಪ್ಪು ಮಾಡಿದ್ದನ್ನೂ ಸೇರಿಸಿ.

2020ರ ದೀಪಾವಳಿ. ಲಾಕ್‌ಡೌನ್ ಮುಗಿದಿತ್ತು, ಆದರೆ ಕೆಲಸ ಯಾರಿಗೂ ಸರಿಯಾಗಿ ವಾಪಸ್ ಬಂದಿರಲಿಲ್ಲ. ನಾನು, ನಮ್ಮ ಮನೆಯವರು, ಓಣಿಯ ನಾಲ್ಕು ಜನ ಸೇರಿ ಇಪ್ಪತ್ತು ಕಿಟ್ ಕಟ್ಟಿದೆವು. ಅಂಗಡಿ ಮುಂದೆ ಟೇಬಲ್ ಹಾಕಿ, ಒಬ್ಬೊಬ್ಬರ ಹೆಸರು ಕೂಗಿ ಕೊಟ್ಟೆವು. ಹುಡುಗರು ಫೋಟೋ ತೆಗೆದು ವಾಟ್ಸಾಪ್‌ಗೆ ಹಾಕಿದರು. ಆಗ ನನಗೆ ಅದರಲ್ಲಿ ತಪ್ಪು ಕಾಣಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದರೆ ಮೆಟ್ಟಿಲ ಮೇಲೆ ಒಂದು ಕಿಟ್ ಇತ್ತು. ಗಂಟು ಕೂಡ ಬಿಚ್ಚಿರಲಿಲ್ಲ. ಕಡೇ ಮನೆಯ ಅಜ್ಜಿಯದು ಅಂತ ಆಮೇಲೆ ಗೊತ್ತಾಯಿತು, ಯಾಕಂದರೆ ಅಜ್ಜಿ ಅಂಗಡಿಗೆ ಬರೋದನ್ನೇ ಬಿಟ್ಟರು. ಎರಡು ಓಣಿ ದಾಟಿ ಬೇರೆ ಅಂಗಡಿಗೆ ಹೋಗುತ್ತಿದ್ದರು, ಆ ಮೊಣಕಾಲು ನೋವಿನಲ್ಲಿ. ಮೂರು ತಿಂಗಳು ಬಿಟ್ಟು ನಾನೇ ಅವರ ಮನೆಗೆ ಹೋದೆ. ಚಾ ಕೊಟ್ಟರು. ಬಯ್ಯಲಿಲ್ಲ. "ನಿಮ್ಮ ಅತ್ತೆ ಕಾಲದಿಂದ ದುಡ್ಡು ಕೊಟ್ಟು ಸಾಮಾನು ತಗಂಡೀನಿ ಕಣವ್ವ. ಸಾಲಾಗೆ ನಿಲ್ಸಿ ಫೋಟೋ ಹೊಡಿಸಿಬಿಟ್ಯಲ್ಲ" ಅಂದರು. ಅಷ್ಟೇ ಅಂದಿದ್ದು. ಮನೆಗೆ ಬಂದು ನಾನು ಅತ್ತುಬಿಟ್ಟೆ. ನಾವು ಕೊಟ್ಟಿದ್ದು ಒಂದು ಕಿಟ್, ತೆಗೆದುಕೊಂಡಿದ್ದು ಅವರು ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದ ಮರ್ಯಾದೆ.

2021ರಲ್ಲಿ ಏನೂ ಮಾಡಲಿಲ್ಲ. ಧೈರ್ಯ ಬರಲಿಲ್ಲ.

ನನ್ನ ತವರು ಜಗಳೂರು ಕಡೆ. ಅಲ್ಲಿ ನಾನು ಸಣ್ಣವಳಿದ್ದಾಗ ಶೇಂಗಾ ಕೀಳೋಕೆ, ಕಳೆ ತೆಗೆಯೋಕೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ಅವರು ನಮ್ಮ ಹೊಲಕ್ಕೆ, ನಾಳೆ ನಾವು ಅವರ ಹೊಲಕ್ಕೆ. ಕೂಲಿ ಇಲ್ಲ. ಎರಡೆಕರೆಯವರೂ ಬರುತ್ತಿದ್ದರು, ಹತ್ತೆಕರೆಯವರೂ ಬರುತ್ತಿದ್ದರು, ಊಟಕ್ಕೆ ಎಲ್ಲರೂ ಒಂದೇ ಬದುವಿನ ಮೇಲೆ ಕೂರುತ್ತಿದ್ದರು. ಅದರಲ್ಲಿ ಯಾರೂ ಸಹಾಯ ಪಡೆದವರು ಅಂತ ಇರಲಿಲ್ಲ. ಮದುವೆಯಲ್ಲಿ ಮುಯ್ಯಿ ಮಾಡೋದೂ ಹಾಗೇ ಅಲ್ವಾ, ಇವತ್ತು ಬರೆಸಿಕೊಂಡವರು ನಾಳೆ ಬರೆಸುತ್ತಾರೆ. ಹಬ್ಬದ ಸಾಮಾನಿಗೂ ಹಾಗೆ ಏನಾದರೂ ದಾರಿ ಇದೆಯಾ ಅಂತ ಯೋಚನೆ ಮಾಡುತ್ತಾ ಇದ್ದೆ. ದಾರಿ ಕಣ್ಣ ಮುಂದೆಯೇ ಇತ್ತು. ನಮ್ಮ ಕಡೆ ಚೀಟಿ ಹಾಕೋದು ಎಲ್ಲರಿಗೂ ಗೊತ್ತಿರೋದೇ.

2022ರ ಯುಗಾದಿ ಆದ ಮರುವಾರ ಶುರು ಮಾಡಿದೆ. ವಾರಕ್ಕೆ 20 ರೂಪಾಯಿ, 30 ವಾರ, ಒಟ್ಟು 600 ರೂಪಾಯಿ. ಲಾಟರಿ ಇಲ್ಲ, ಬಡ್ಡಿ ಇಲ್ಲ, ಹರಾಜು ಇಲ್ಲ. ದೀಪಾವಳಿಗೆ ನಾಲ್ಕು ದಿನ ಮುಂಚೆ, ವಾರದ ಕಂತು ಗುರುತು ಹಾಕುವ ಕಾರ್ಡ್ ಇರೋ ಪ್ರತಿ ಮನೆಗೂ ಒಂದೇ ತರದ ಚೀಲ. ಯುಗಾದಿಯಿಂದ ದೀಪಾವಳಿಗೆ ಸಾಮಾನ್ಯವಾಗಿ 29 ವಾರ ಮಾತ್ರ ಸಿಗುತ್ತದೆ, ಹಾಗಾಗಿ ಒಂದೆರಡು ವಾರದ್ದನ್ನು ಜೋಡಿಸಿ ಕಟ್ಟಬೇಕಾಗುತ್ತದೆ. 2023ರಂತೆ ಅಧಿಕ ಮಾಸ ಬಂದರೆ ನಾಲ್ಕು ವಾರ ಜಾಸ್ತಿ ಸಿಗುತ್ತದೆ, ಹಿಂದೆ ಬಿದ್ದವರಿಗೆ ಅದು ದೊಡ್ಡ ಅನುಕೂಲ.

ಮುಖ್ಯವಾದದ್ದು ಇದು: ಓಣಿಯಲ್ಲಿ ಅನುಕೂಲವಾಗಿ ಇರುವವರೂ ಕಾರ್ಡ್ ಮಾಡಿಸಲೇಬೇಕು. ನಾನು ಹೋಗಿ ಒಬ್ಬೊಬ್ಬರನ್ನೇ ಕೇಳಿಕೊಂಡೆ. ಮೇಷ್ಟ್ರ ಮನೆ, ಬ್ಯಾಂಕಿನವರ ಮನೆ, ಎರಡು ಅಂತಸ್ತಿನ ಮನೆಯವರು, ಎಲ್ಲರೂ ವಾರಕ್ಕೆ 20 ಕೊಟ್ಟು ಅದೇ ಚೀಲ ಒಯ್ಯಬೇಕು. "ನಮಗ್ಯಾಕೆ ಅಕ್ಕಾ, ನಾವು ಸುಮ್ನೆ ದುಡ್ಡು ಕೊಟ್ಟುಬಿಡ್ತೀವಿ, ಇಲ್ಲದವರಿಗೆ ಕೊಡಿ" ಅಂದರು. ಬೇಡ ಅಂದೆ. ಬರೀ ಇಲ್ಲದವರು ಚೀಲ ಹಿಡಿದುಕೊಂಡು ಹೋದರೆ ಮತ್ತೆ ಅದೇ ಸಾಲು, ಅದೇ ಫೋಟೋ. ಎಲ್ಲರ ಕೈಯಲ್ಲೂ ಒಂದೇ ಚೀಲ ಇದ್ದರೆ ಯಾರು ಪೂರ್ತಿ ಕಟ್ಟಿದವರು, ಯಾರು ಕಟ್ಟಲು ಆಗದೇ ಇದ್ದವರು ಅಂತ ಓಣಿಗೆ ಗೊತ್ತಾಗೋದಿಲ್ಲ.

ಕಟ್ಟಲು ಆಗದ ವಾರಗಳು ಬಂದೇ ಬರುತ್ತವೆ. ಅದಕ್ಕೆ ಗಲ್ಲಾದ ಪಕ್ಕ ಒಂದು ತಗಡಿನ ಡಬ್ಬಿ ಇಟ್ಟೆ, ಮುಚ್ಚಳಕ್ಕೆ ಸೀಳು ಕೊಯ್ದು. ಅನುಕೂಲ ಇರುವವರು ಅದಕ್ಕೆ ಹಾಕುತ್ತಾರೆ, ಎಷ್ಟು ಅಂತ ನಾನು ನೋಡುವುದಿಲ್ಲ. ಚೀಲದ ಸಾಮಾನನ್ನು ಮಂಡಿಪೇಟೆಯಲ್ಲಿ ಸಗಟು ದರಕ್ಕೆ ತರುತ್ತೇನೆ, ಅಂಗಡಿಗೆ ಬರಬೇಕಾದ ಲಾಭವೂ ಆ ಡಬ್ಬಿಗೇ. ಮೊದಲ ವರ್ಷ 23 ಕಾರ್ಡ್. 14 ಮನೆಯವರು ಪೂರ್ತಿ ಕಟ್ಟಿದರು, 9 ಮನೆಯದು ಸೇರಿ 2,340 ರೂಪಾಯಿ ಕಡಿಮೆ ಬಿತ್ತು. ಡಬ್ಬಿಯಲ್ಲಿ 3,100 ಇತ್ತು. ನನಗೆ ಆ ದಿನ ಆದ ಸಮಾಧಾನ ಹೇಳಲಾರೆ.

ಯಾರದು ಎಷ್ಟು ಬಾಕಿ ಅನ್ನೋದು ನನಗೂ, ಲೆಕ್ಕ ನೋಡುವ ಮೇಷ್ಟ್ರಿಗೂ ಮಾತ್ರ ಗೊತ್ತು. ಆಯುಧ ಪೂಜೆ ದಿನ ಒಟ್ಟು ಎಷ್ಟು ಬಂತು, ಸಾಮಾನಿಗೆ ಎಷ್ಟು ಬೇಕು ಅಂತ ಎಲ್ಲರ ಮುಂದೆ ಓದುತ್ತೇವೆ, ಹೆಸರು ಬಿಟ್ಟು. ದುಡ್ಡನ್ನು ಅಂಗಡಿ ವ್ಯಾಪಾರದಲ್ಲಿ ಸೇರಿಸಬಾರದು. ಮೇಷ್ಟ್ರು ಮತ್ತು ನನ್ನ ಜಂಟಿ ಖಾತೆಗೆ ಪ್ರತಿ ತಿಂಗಳು ಹಾಕುತ್ತೇನೆ. ಇದೊಂದನ್ನು ದಯವಿಟ್ಟು ಸಡಿಲ ಬಿಡಬೇಡಿ. ನಂಬಿಕೆ ಒಂದು ಸಲ ಹೋದರೆ ಮತ್ತೆ ಯಾರೂ 20 ರೂಪಾಯಿ ಕೊಡುವುದಿಲ್ಲ.

ಚೀಲದಲ್ಲಿ ಏನಿರಬೇಕು ಅನ್ನೋದನ್ನು ಹೆಂಗಸರೇ ಕೂತು ಹೇಳಿದರು. ಹೋಳಿಗೆಗೆ ಕಡಲೆಬೇಳೆ, ಬೆಲ್ಲ, ಮೈದಾ, ಚಿರೋಟಿ ರವೆ. ಕರ್ಚಿಕಾಯಿಗೆ ಪುಟಾಣಿ, ಸಕ್ಕರೆ. ಉಂಡೆಗೆ ಶೇಂಗಾ. ಒಂದು ಲೀಟರ್ ಎಣ್ಣೆ, ಅರ್ಧ ಕೆಜಿ ತೊಗರಿಬೇಳೆ, ಐದು ಗ್ರಾಂ ಏಲಕ್ಕಿ, ಆರು ಹಣತೆ. ಅಕ್ಕಿ ಬೇಡ ಅಂದರು, ಅಕ್ಕಿ ಸೊಸೈಟಿಯಲ್ಲಿ ಬರುತ್ತದೆ. 2020ರಲ್ಲಿ ನಮ್ಮ ಕಿಟ್ಟಿನಲ್ಲಿ ಜಾಸ್ತಿ ಇದ್ದಿದ್ದೇ ಅಕ್ಕಿ. ಕೇಳಿದ್ದರೆ ಆಗಲೇ ಹೇಳುತ್ತಿದ್ದರು.

2024ರಲ್ಲಿ ಲೆಕ್ಕ ತಪ್ಪಿತು. ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅಡುಗೆ ಎಣ್ಣೆಯ ಆಮದು ಸುಂಕ ಏರಿಸಿತು, ಎಣ್ಣೆ ದರ ಒಂದೇ ಸಲಕ್ಕೆ ಮೇಲೆ ಹೋಯಿತು. 600ಕ್ಕೆ ಚೀಲ ತುಂಬುತ್ತಿರಲಿಲ್ಲ. ಇನ್ನೊಂದು ವಾರ ದುಡ್ಡು ಕೇಳೋಣ ಅಂದರು ಕೆಲವರು. ನನಗೆ ಮನಸ್ಸು ಬರಲಿಲ್ಲ. ಮೈದಾ ಸ್ವಲ್ಪ ಕಡಿಮೆ ಮಾಡಿದೆವು, ಎಣ್ಣೆ ಮುಟ್ಟಲಿಲ್ಲ. ಅಲ್ಲಿಂದ ಈಚೆಗೆ ಎಣ್ಣೆ ಮತ್ತು ಬೇಳೆಯನ್ನು ಶ್ರಾವಣದಲ್ಲೇ ತಂದು ಇಡುತ್ತೇನೆ.

ಚೀಲದಿಂದ ಆಗದ ಕೆಲಸವೂ ಇದೆ. ಎರಡನೇ ವರ್ಷ ಒಂದು ಮನೆಯವರು "ಈ ಸಲ ನಮಗೆ ಹಬ್ಬ ಇಲ್ಲ ಅಕ್ಕಾ, ಸೂತಕ" ಅಂದರು. ಅವರ ಕಡೆ ಯಾರೂ ತೀರಿಕೊಂಡಿರಲಿಲ್ಲ. ಆಮೇಲೆ ಗೊತ್ತಾಗಿದ್ದು ಏನಂದರೆ, ದೀಪಾವಳಿಗೆ ಹಿರಿಯರ ಪೂಜೆ ಮಾಡುವ ಮನೆ ಅದು. ಹಿರಿಯರ ಎಡೆಗೆ ಹೊಸ ಧೋತರ, ಹೊಸ ಸೀರೆ ಇಡಬೇಕು. ಬಟ್ಟೆ ಇಲ್ಲದೆ ಎಡೆ ಇಡುವ ಹಾಗಿಲ್ಲ, ಎಡೆ ಇಡದೆ ಹಬ್ಬ ಮಾಡುವ ಹಾಗಿಲ್ಲ. ಕಡಲೆಬೇಳೆ ತಗೊಂಡು ಅವರು ಏನು ಮಾಡಬೇಕು? ಆ ವರ್ಷ ನಮಗೆ ಗೊತ್ತಾಗುವ ಹೊತ್ತಿಗೆ ಹಬ್ಬ ಮುಗಿದಿತ್ತು. ಮುಂದಿನ ವರ್ಷದಿಂದ ವಾರಕ್ಕೆ 30 ರೂಪಾಯಿಯ ಇನ್ನೊಂದು ಕಾರ್ಡ್ ಮಾಡಿದೆವು, ಸಾಮಾನಿನ ಬದಲು 900 ರೂಪಾಯಿಯ ಬಟ್ಟೆ. ಈಗ ಹನ್ನೊಂದು ಮನೆಯವರು ಅದನ್ನೇ ಹಾಕುತ್ತಾರೆ.

ಅದಕ್ಕೇ ನಾನು ಈಗ "ಏನಾದರೂ ಬೇಕಾ" ಅಂತ ಯಾರನ್ನೂ ಕೇಳುವುದಿಲ್ಲ. ಹಾಗೆ ಕೇಳಿದರೆ ನೂರಕ್ಕೆ ನೂರು ಜನ ಏನೂ ಬೇಡ ಅನ್ನುತ್ತಾರೆ. ನವರಾತ್ರಿ ಹೊತ್ತಿಗೆ ಸಾಮಾನು ಕಟ್ಟುತ್ತಾ ಕಟ್ಟುತ್ತಾ "ಈ ಸಲ ಹಬ್ಬಕ್ಕೆ ಏನು ಮಾಡ್ತೀರಿ, ಊರಿಂದ ಯಾರು ಬರ್ತಾರೆ" ಅಂತ ಮಾತು ತೆಗೆಯುತ್ತೇನೆ. ಮಗಳು ಮೊದಲ ದೀಪಾವಳಿಗೆ ಬರುತ್ತಾಳೆ ಅಂದರೆ ಒಂದು ಖರ್ಚು. ಹಬ್ಬಕ್ಕೆ ಊರಿಗೆ ಹೋಗ್ತೀವಿ ಅಂದು, ಅಮಾವಾಸ್ಯೆ ದಿನ ಬಾಗಿಲು ಹಾಕಿಕೊಂಡು ಒಳಗೇ ಇರುವವರೂ ಇದ್ದಾರೆ. ಮಾತಿನಲ್ಲೇ ತಿಳಿಯುತ್ತದೆ, ಆದರೆ ಕೇಳಿಸಿಕೊಳ್ಳೋಕೆ ಪುರುಸೊತ್ತು ಬೇಕು.

ಮಿಲ್ಲಿನಲ್ಲಿ ದುಡಿದ ಅಜ್ಜ ಒಬ್ಬರಿದ್ದಾರೆ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಹತ್ತಿ ಮಿಲ್ಲಿನ ಕೆಲಸಗಾರರು. ಅವರಿಗೆ ಪಿಎಫ್ ಪಿಂಚಣಿ ಬರುತ್ತಿತ್ತು, ಸಣ್ಣ ಮೊತ್ತ, ಆದರೆ ಅವರ ಮಾತ್ರೆಗೆ ಅದೇ ಆಧಾರ. ಚೀಟಿ ಎಂಟು ವಾರದಿಂದ ಕಟ್ಟಿಲ್ಲ ಅಂತ ನೋಡಿದೆ. ನಿಧಾನಕ್ಕೆ ಮಾತಾಡಿಸಿದರೆ, ಪಿಂಚಣಿ ನಿಂತು ಹತ್ತು ತಿಂಗಳಾಗಿತ್ತು. ವರ್ಷಕ್ಕೊಮ್ಮೆ ಜೀವನ ಪ್ರಮಾಣ ಪತ್ರ ಕೊಡಬೇಕು, ಅವರು ಕೊಟ್ಟಿರಲಿಲ್ಲ. ಹೆಬ್ಬೆಟ್ಟು ಮಷಿನ್ನಿನಲ್ಲಿ ಬೀಳುತ್ತಿರಲಿಲ್ಲ, ಬೆರಳ ಗೆರೆ ಸವೆದುಹೋಗಿತ್ತು, ಎರಡು ಸಲ ಹೋಗಿ ವಾಪಸ್ ಬಂದು ಸುಮ್ಮನಾಗಿದ್ದರು. ಈಗ ಮೊಬೈಲಿನಲ್ಲೇ ಮುಖ ತೋರಿಸಿ ಆ ಪ್ರಮಾಣ ಪತ್ರ ಮಾಡಬಹುದು. ಮೇಷ್ಟ್ರ ಮಗ ಅಜ್ಜನನ್ನು ಕಟ್ಟೆ ಮೇಲೆ ಬೆಳಕಿಗೆ ಕೂರಿಸಿ ಮಾಡಿಕೊಟ್ಟ. ಆಗದಿದ್ದರೆ ಪೋಸ್ಟ್‌ಮ್ಯಾನ್ ಮನೆಗೇ ಬಂದು ಮಾಡಿಕೊಡುವ ವ್ಯವಸ್ಥೆಯೂ ಇದೆ. ಎರಡು ತಿಂಗಳಲ್ಲಿ ಬಾಕಿ ಸಮೇತ ದುಡ್ಡು ಬಂತು. ನಾವು ಕೊಡಬಹುದಾಗಿದ್ದ ಯಾವ ಕಿಟ್ಟಿಗಿಂತಲೂ ಅದು ದೊಡ್ಡದು. ಹಬ್ಬದ ಹೊತ್ತಿಗೆ ಓಣಿಯ ಹಿರಿಯರ ಪಿಂಚಣಿ, ರೇಷನ್ ಕಾರ್ಡ್, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಸರಿ ಇದೆಯಾ ಅಂತ ಒಂದು ಸಲ ನೋಡಿ. ಖರ್ಚಿಲ್ಲದ ಕೆಲಸ, ಆದರೆ ಯಾರಾದರೂ ಜೊತೆಗೆ ಹೋಗಿ ನಿಲ್ಲಬೇಕು. ಅಜ್ಜನ ಕೈಬರಹ ಮುತ್ತಿನ ಹಾಗಿದೆ. ಈಗ ನಮ್ಮ ಕಾರ್ಡುಗಳನ್ನೆಲ್ಲಾ ಅವರೇ ಬರೆಯುತ್ತಾರೆ.

ನಮ್ಮ ಹಿಂದಿನ ಓಣಿಯಲ್ಲಿ ಮಂಡಕ್ಕಿ ಭಟ್ಟಿಗೆ ಹೋಗುವ ಒಂದು ಕುಟುಂಬ ಇದೆ. ಭಟ್ಟಿ ಕೆಲಸ ಬಿಸಿಲನ್ನು ನಂಬಿದ ಕೆಲಸ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಮಿಲ್ ಮಾಡಿಸಿ, ಆಮೇಲೆ ಕಾದ ಮರಳಿನಲ್ಲಿ ಹುರಿಯಬೇಕು. ವಾರಗಟ್ಟಲೆ ಮೋಡ ಹಿಡಿದರೆ ಭತ್ತ ಒಣಗುವುದಿಲ್ಲ, ಭಟ್ಟಿ ಹೊತ್ತುವುದಿಲ್ಲ, ಕೂಲಿ ಇಲ್ಲ. ಮಳೆಗಾಲದಲ್ಲಿ ಅವರ ಕಾರ್ಡ್ ಖಾಲಿ ಇರುತ್ತದೆ, ಬೇಸಿಗೆಯಲ್ಲಿ ಒಂದೇ ಸಲ ಐದು ವಾರದ್ದು ಕೊಡುತ್ತಾರೆ. ಅವರು ಮುಸಲ್ಮಾನರು. "ಅಕ್ಕಾ, ನಮ್ಮ ಚೀಲ ರಂಜಾನ್‌ಗೆ ಕೊಡ್ತೀರಾ" ಅಂತ ಆ ಮನೆಯ ತಂಗಿ ಕೇಳಿದಳು. ನನಗೆ ಯಾಕೆ ಮೊದಲೇ ಹೊಳೆಯಲಿಲ್ಲವೋ. ಈಗ ಐದು ಕಾರ್ಡ್ ರಂಜಾನ್‌ಗೆ ಮುಗಿಯುತ್ತವೆ. ಚೀಲದಲ್ಲಿ ಶಾವಿಗೆ, ಸಕ್ಕರೆ, ತುಪ್ಪ, ದ್ರಾಕ್ಷಿ, ಗೋಡಂಬಿ, ಖರ್ಜೂರ. ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಆದ್ದರಿಂದ ಅವರ 30 ವಾರವನ್ನು ಪ್ರತಿ ಸಲ ಹೊಸದಾಗಿ ಎಣಿಸಬೇಕು.

ದೀಪಾವಳಿಗೆ ನಾವು ಚೀಲ ತುಂಬುವ ರಾತ್ರಿ ಆ ತಂಗಿ ದೊಡ್ಡ ಚೀಲದಲ್ಲಿ ಬಿಸಿ ಮಂಡಕ್ಕಿ ತರುತ್ತಾಳೆ. ಯಾರೋ ಮಿರ್ಚಿ ಕರಿಯುತ್ತಾರೆ. ಟೈಲರ್ ಅಕ್ಕ ಬಟ್ಟೆ ಚೂರುಗಳಲ್ಲಿ ಹೊಲಿದ ಚೀಲಗಳು ಒಂದು ಕಡೆ, ಬೆಲ್ಲದ ಪೆಂಟೆ ಒಂದು ಕಡೆ. ಮಕ್ಕಳು ಹಣತೆ ಎಣಿಸುತ್ತಾರೆ, ಎರಡು ಮೂರು ಒಡೆದೂ ಹಾಕುತ್ತಾರೆ. ಮಿಲ್ ಅಜ್ಜ ಕುರ್ಚಿ ಹಾಕಿಕೊಂಡು ಕಾರ್ಡಿಗೆ ಟಿಕ್ ಹಾಕುತ್ತಾರೆ. ಫೋನ್ ತೆಗೆಯುವ ಹಾಗಿಲ್ಲ ಅಂತ ಎಲ್ಲರಿಗೂ ಮೊದಲೇ ಹೇಳಿರುತ್ತೇನೆ. ಬ್ಯಾನರ್ ಹಾಕಿಸಿಕೊಡ್ತೀವಿ, ಜೊತೆಗೆ ಇಪ್ಪತ್ತು ಸಾವಿರ ಕೊಡ್ತೀವಿ ಅಂತ ಚುನಾವಣೆ ಹತ್ತಿರ ಇದ್ದಾಗ ಒಬ್ಬರು ಬಂದಿದ್ದರು. ಕೈಮುಗಿದು ಬೇಡ ಅಂದೆ.

ಕಡೇ ಮನೆಯ ಅಜ್ಜಿ ಮೊದಲ ವರ್ಷ ಕಾರ್ಡ್ ಮಾಡಿಸಲಿಲ್ಲ. ಕಟ್ಟೆ ಮೇಲೆ ಕೂತು ನೋಡುತ್ತಿದ್ದರು. ಎರಡನೇ ವರ್ಷ ಯುಗಾದಿ ಆದ ಮೇಲೆ ಒಂದು ದಿನ ಸೆರಗಿನ ಗಂಟು ಬಿಚ್ಚಿ 20 ರೂಪಾಯಿ ಗಲ್ಲಾ ಮೇಲೆ ಇಟ್ಟರು. ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ, ಕಾರ್ಡ್ ಬರೆದು ಕೊಟ್ಟೆ. ಈಗ ಏಲಕ್ಕಿ ಪೊಟ್ಟಣ ಕಟ್ಟುವುದು ಅವರ ಕೆಲಸ. ಐದು ಗ್ರಾಂ ತೂಗಿ, ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಸುತ್ತಿ, ದಾರ ಸುತ್ತಿ ಇಡುತ್ತಾರೆ. ಈ ವರ್ಷ ಎಲ್ಲಾ ಸೇರಿ 41 ಕಾರ್ಡ್ ಇವೆ. ಮೊನ್ನೆ ಮೊಣಕಾಲು ನೋವು ಜಾಸ್ತಿಯಾಗಿ ಎರಡು ವಾರ ಬಂದಿರಲಿಲ್ಲ. ನಿನ್ನೆ ಸಂಜೆ ಮೊಮ್ಮಗನ ಕೈ ಹಿಡಿದುಕೊಂಡು ಬಂದು 60 ರೂಪಾಯಿ ಕೊಟ್ಟರು. "ಹಿಂದಿನ ಎರಡು ವಾರದ್ದೂ ಐತೆ, ಬರ್ಕಾ. ಏಲಕ್ಕಿ ಯಾವಾಗ ತರ್ತೀಯ?" ಅಂದರು.