ಡೆಂಟಿನ್ ಜೀನ್‌ಗಳನ್ನ ಬಾಯಿಪಾಠ ಹೊಡೀದೆ ಓದೋದು ಹೆಂಗೆ

ಬಿಡಿಎಸ್ (ಡೆಂಟಲ್ ಡಿಗ್ರಿ) ಫಸ್ಟ್ ಇಯರ್‌ನವ್ರಿಗೆ ಹೇಳ್ತಿದೀನಿ, ಜೀನ್ ಹೆಸರುಗಳ ಲಿಸ್ಟ್ ಹಿಡ್ಕೊಂಡು ಶುರು ಮಾಡ್ಲೇಬೇಡಿ, ಮೊದ್ಲು ಒಂದು ಓಡಾಂಟೋಬ್ಲಾಸ್ಟ್, ಅಂದ್ರೆ ಡೆಂಟಿನ್ (ಹಲ್ಲಿನ ಎನಾಮಲ್ ಒಳಗಿರೋ ಪದರ) ಕಟ್ಟೋ ಜೀವಕೋಶದ ಚಿತ್ರ ಬರೀರಿ, ಅದರ ಮುಂದೆ ಇನ್ನೂ ಗಟ್ಟಿಯಾಗದ ಪ್ರೀಡೆಂಟಿನ್, ಅದಾದ್ಮೇಲೆ ಗಟ್ಟಿಯಾದ ಡೆಂಟಿನ್.

ಈಗ ಪ್ರೀಡೆಂಟಿನ್ ಒಳಗೆ ಕೊಲಾಜನ್ ಅನ್ನೋ ಪ್ರೋಟೀನ್ ಎಳೆಗಳನ್ನ ಹಾಕಿ. ಡೆಂಟಿನ್‌ನ ಸಾವಯವ ಭಾಗದಲ್ಲಿ ಸುಮಾರು 90% ಟೈಪ್ 1 ಕೊಲಾಜನ್ನೇ, ಅದಕ್ಕೆ ಜೀನ್ ಎರಡು, ಸಿಓಎಲ್1ಎ1 ಮತ್ತೆ ಸಿಓಎಲ್1ಎ2.

ಆಮೇಲೆ ಬರೋದೇ ಡಿಎಸ್‌ಪಿಪಿ ಅನ್ನೋ ಜೀನ್, ಇದಕ್ಕೆ ಜಾಸ್ತಿ ಟೈಮ್ ಕೊಡಿ. 4ನೇ ಕ್ರೋಮೋಸೋಮ್‌ನಲ್ಲಿರೋ ಈ ಒಂದೇ ಜೀನ್‌ನಿಂದ ಒಂದು ಉದ್ದದ ಪ್ರೋಟೀನ್ ಆಗತ್ತೆ, ಅದನ್ನ ಬಿಎಂಪಿ1 ಥರದ ಎನ್‌ಜೈಮ್‌ಗಳು ಕತ್ತರಿಸಿ ಡಿಎಸ್‌ಪಿ, ಡಿಪಿಪಿ ಅಂತ ತುಂಡು ಮಾಡ್ತವೆ. ಡಿಪಿಪಿ ತುಂಬಾ ಚೆಂದದ ಪ್ರೋಟೀನ್ ಕಣ್ರೀ, ಆಸ್ಪಾರ್ಟಿಕ್ ಆಸಿಡ್, ಸೆರೀನ್, ಸೆರೀನ್ ಅಂತ ಅದೇ ಸಾಲು ಮತ್ತೆ ಮತ್ತೆ ಬರತ್ತೆ, ಸೆರೀನ್‌ಗಳಿಗೆ ಫಾಸ್ಫೇಟ್ ಅಂಟಿರತ್ತೆ, ಹಂಗಾಗಿ ಪೂರ್ತಿ ನೆಗೆಟಿವ್ ಚಾರ್ಜು, ಕ್ಯಾಲ್ಸಿಯಂನ ಎಳ್ಕೊಂಡು ಕೊಲಾಜನ್ ಮೇಲೆ ಹರಳು ಕಟ್ಟೋಕೆ ಸಹಾಯ ಮಾಡತ್ತೆ.

ಡಿಎಂಪಿ1 ಅನ್ನೋ ಜೀನ್ ಕೂಡ ಅದೇ ಕ್ರೋಮೋಸೋಮು, ಅದೇ ಸಿಬ್ಲಿಂಗ್ (ಮೂಳೆ, ಹಲ್ಲು ಗಟ್ಟಿಯಾಗೋದ್ರಲ್ಲಿ ಪಾತ್ರ ಇರೋ ಪ್ರೋಟೀನ್‌ಗಳ ಗುಂಪು) ಕುಟುಂಬ, ಚಿತ್ರದಲ್ಲಿ ಪಕ್ಕದಲ್ಲೇ ಬರ್ಕೊಳ್ಳಿ.

ಕೊನೇಲಿ ಪ್ರತಿ ಜೀನ್ ಪಕ್ಕ ಅದು ಕೆಟ್ರೆ ಬರೋ ಕಾಯಿಲೆ. ಡಿಎಸ್‌ಪಿಪಿ ಕೆಟ್ರೆ ಹಲ್ಲು ಕಂದು ಇಲ್ಲಾ ನೀಲಿ-ಬೂದು ಬಣ್ಣಕ್ಕೆ ತಿರುಗತ್ತೆ, ಎಕ್ಸ್‌ರೇಲಿ ಪಲ್ಪ್ (ಹಲ್ಲಿನ ಒಳಗಿನ ಮೆತ್ತನೆ ಭಾಗ) ಜಾಗ ಮುಚ್ಚೋಗಿರತ್ತೆ, ಅದೇ ಡೆಂಟಿನೋಜೆನೆಸಿಸ್ ಇಂಪರ್ಫೆಕ್ಟಾ ಟೈಪ್ 2. ಇದೇ ಥರ ಹಲ್ಲಿನ ಜೊತೆ ಮೂಳೆನೂ ಪದೇ ಪದೇ ಮುರೀತಿದ್ರೆ ಕೊಲಾಜನ್ ಜೀನ್ ಕಡೆ ನೋಡಿ, ಅದು ಇದೇ ಕಾಯಿಲೆಯ ಟೈಪ್ 1.