ಕೊಣಾಜೆ ದಾರಿಯಲ್ಲೊಂದು ಬಾಡಿಗೆ ಕೋಣೆ

ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಮಂಗಳೂರು ಪೇಟೆಯಲ್ಲಲ್ಲ, ಕೊಣಾಜೆಯ ಗುಡ್ಡದ ಮೇಲೆ. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿ ಶುರುವಾಗಿ, 1980ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾದ ಮಂಗಳಗಂಗೋತ್ರಿಗೆ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹತ್ತಿರಹತ್ತಿರ 20 ಕಿಲೋಮೀಟರ್. ಘಟ್ಟದ ಮೇಲಿನಿಂದ ಬರುವ ಎಷ್ಟೋ ವಿದ್ಯಾರ್ಥಿಗಳಿಗೆ ಇದು ಬಂದಿಳಿದ ಮೇಲೆಯೇ ತಿಳಿಯುತ್ತದೆ. ಹಂಪನಕಟ್ಟೆಯ ಆಸುಪಾಸಿನಲ್ಲಿ ಪಿಜಿ ನೋಡಿ ಮುಂಗಡ ಕೊಟ್ಟುಬಿಟ್ಟಿರುತ್ತಾರೆ. ಮರುದಿನ ಬಸ್ಸು ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟಿನಲ್ಲಿ ಎಡಕ್ಕೆ ತಿರುಗಿ, ಕುತ್ತಾರು, ದೇರಳಕಟ್ಟೆ, ನಾಟೆಕಲ್, ಅಸೈಗೋಳಿ ಎಂದು ಹೋಗುತ್ತಲೇ ಇರುವಾಗ ಮುಖ ಬಾಡುತ್ತದೆ.

ನಾನು ಗದಗ ಜಿಲ್ಲೆಯ ರೋಣ ತಾಲ್ಲೂಕಿನವಳು. ಕನ್ನಡ ಎಂ.ಎ. ಓದಲು ಇಲ್ಲಿಗೆ ಬಂದು, ಮುಗಿದ ಮೇಲೂ ಸಂಶೋಧನೆಗೆಂದು ಉಳಿದುಕೊಂಡೆ. ಈಗ ಪ್ರವೇಶದ ದಿನಗಳಲ್ಲಿ ನಮ್ಮ ಕಡೆಯ ಹುಡುಗಿಯರಿಗೆ ಕೋಣೆ ಹುಡುಕಿಕೊಡುವ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂದಿದೆ. ಪ್ರೀತಿಯಿಂದ ಮಾಡುತ್ತೇನೆ. ಮೊದಲ ಸೆಮಿಸ್ಟರಿನಲ್ಲಿ ಕೋಣೆ ಕೈಕೊಟ್ಟರೆ ಓದು ಹೇಗೆ ಕುಸಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಕೋಣೆ ನೋಡುವುದಕ್ಕೆ ಮೊದಲು ಈ ರಸ್ತೆಯ ಮೇಲೆ ಎಲ್ಲಿ ಇರಬೇಕು ಎಂಬುದನ್ನು ತೀರ್ಮಾನಿಸಬೇಕು. ಹಂಪನಕಟ್ಟೆಯ ವಿಶ್ವವಿದ್ಯಾನಿಲಯ ಕಾಲೇಜಿಗೆ ಸೇರಿದವರ ಮಾತು ಬೇರೆ. ಅವರಿಗೆ ಕೊಡಿಯಾಲ್‌ಬೈಲ್, ಬಲ್ಮಠ, ಫಳ್ನೀರು ಎಲ್ಲವೂ ನಡಿಗೆಯ ದೂರ. ಕೊಣಾಜೆಯಲ್ಲಿ ಓದುವವರು ಪೇಟೆಯಲ್ಲಿದ್ದರೆ ದಿನದ ಎರಡು ಗಂಟೆ ಬಸ್ಸಿಗೆ ಹೋಗುತ್ತದೆ, ಪಂಪ್‌ವೆಲ್ ಮತ್ತು ತೊಕ್ಕೊಟ್ಟಿನಲ್ಲಿ ವಾಹನಗಳು ಕಟ್ಟಿಕೊಂಡ ದಿನ ಇನ್ನೂ ಹೆಚ್ಚು. ಹುಡುಗಿಯರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಮಾತ್ರ. ನಮ್ಮ ಗದಗದಲ್ಲಿ ಬಸ್ ಎಂದರೆ ಸರ್ಕಾರಿ ಬಸ್. ಮಂಗಳೂರಿನಲ್ಲಿ ಹೆಚ್ಚಿನವು ಖಾಸಗಿ. ಟಿಕೆಟ್ ಹಣ ತಿಂಗಳ ಖರ್ಚಿಗೆ ಸೇರುತ್ತದೆ.

ದೇರಳಕಟ್ಟೆ ನಡುದಾರಿಯ ಊರು. ವೈದ್ಯಕೀಯ ಕಾಲೇಜುಗಳಿರುವುದರಿಂದ ಪಿಜಿಗಳು ಸಾಲುಸಾಲಾಗಿ ಎದ್ದಿವೆ, ಹೋಟೆಲು, ಔಷಧ ಅಂಗಡಿಗಳು ರಾತ್ರಿಯವರೆಗೂ ತೆರೆದಿರುತ್ತವೆ. ಆದರೆ ಅಲ್ಲಿನ ಬಾಡಿಗೆ ನಿಗದಿಯಾಗುವುದು ವೈದ್ಯಕೀಯ ವಿದ್ಯಾರ್ಥಿಗಳ ಮನೆಯವರ ಜೇಬಿಗೆ ತಕ್ಕಂತೆ. ಎಂ.ಎ., ಎಂ.ಎಸ್‌ಸಿ. ಓದುವವರಿಗೆ ಅದು ಭಾರ. ನಾನು ಅಸೈಗೋಳಿ ಮತ್ತು ಕೊಣಾಜೆಯ ನಡುವಿನ ಭಾಗವನ್ನು ಆರಿಸಿಕೊಂಡೆ. ಅಲ್ಲಿ ಪಿಜಿ ಕಡಿಮೆ. ಆದರೆ ಮನೆಯವರು ಕೆಳಗಿದ್ದು ಮಹಡಿಯ ಮೇಲಿನ ಒಂದೆರಡು ಕೋಣೆಗಳನ್ನು ವಿದ್ಯಾರ್ಥಿಗಳಿಗೆ ಕೊಡುವುದು ಅಲ್ಲಿ ಹಳೆಯ ರೂಢಿ. ಸಂಜೆ ಗ್ರಂಥಾಲಯ ಮುಚ್ಚುವವರೆಗೆ ಕುಳಿತು ನಡೆದೇ ಮನೆ ಸೇರಬಹುದು. ಓದಲೆಂದೇ ಬಂದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಇಲ್ಲವೆಂದು ಈಗಲೂ ನಂಬಿದ್ದೇನೆ.

ಸರ್ಕಾರಿ ವಿದ್ಯಾರ್ಥಿನಿಲಯದ ಅರ್ಜಿಯನ್ನು ಯಾರೂ ಬಿಡಬಾರದು. ಆಯ್ಕೆ ಪಟ್ಟಿ ಬರುವುದು ತಡವಾಗಬಹುದು, ಆದ್ದರಿಂದ ಮೊದಲ ತಿಂಗಳಿಗೆ ಬೇರೆ ಏರ್ಪಾಡು ಮಾಡಿಕೊಂಡೇ ಕಾಯಬೇಕು. ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಅಲ್ಲಿ ಸೀಟು ಸಿಗದಿದ್ದರೆ ವಿದ್ಯಾಸಿರಿ ಇದೆ: ಊಟ ಮತ್ತು ವಸತಿಯ ಸಹಾಯವಾಗಿ ತಿಂಗಳಿಗೆ ಇಷ್ಟು ಎಂದು ಹತ್ತು ತಿಂಗಳು ಹಣ ಕೊಡುತ್ತಾರೆ. ಹಣ ಖಾತೆಗೆ ಬೀಳುವುದು ನಿಧಾನ. ಬಾಡಿಗೆಗೆ ಅದನ್ನೇ ನೆಚ್ಚಿಕೊಳ್ಳಬೇಡಿ, ಆದರೆ ಅರ್ಜಿ ಹಾಕದೆ ಇರಲೂಬೇಡಿ.

ಇಲ್ಲಿನ ಮನೆಗಳ ಮುಂದೆ ‘ಬಾಡಿಗೆಗೆ ಇದೆ’ ಎಂಬ ಫಲಕ ಕಾಣುವುದು ಅಪರೂಪ. ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತದೆ. ನಾನು ದಲ್ಲಾಳಿಗಳ ಕಡೆ ಹೋಗಲೇ ಇಲ್ಲ, ಒಂದು ತಿಂಗಳ ಬಾಡಿಗೆ ಅವರಿಗೆ ಕೊಡುವ ಸ್ಥಿತಿ ನನ್ನದಾಗಿರಲಿಲ್ಲ. ಜೆರಾಕ್ಸ್ ಅಂಗಡಿ, ತರಕಾರಿ ಅಂಗಡಿ, ರಿಕ್ಷಾ ಪಾರ್ಕ್, ನಮ್ಮ ವಿಭಾಗದ ಸಿಬ್ಬಂದಿ, ಹೀಗೆ ಎಲ್ಲರನ್ನೂ ಕೇಳಿದೆ. ರಿಕ್ಷಾದವರಿಗೆ ಯಾವ ಮನೆಯಿಂದ ಯಾರು ಸಾಮಾನು ಕಟ್ಟಿಕೊಂಡು ಹೋದರು ಎಂಬುದು ಗೊತ್ತಿರುತ್ತದೆ, ಯಾಕೆ ಹೋದರು ಎಂಬುದೂ. “ಅಣ್ಣಾ, ಆ ಮನೆಯಲ್ಲಿ ಇರಬಹುದಾ?” ಎಂದು ಕೇಳಿದರೆ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತಾರೆ. ನನಗೆ ಒಳ್ಳೆಯ ಮನೆ ಸಿಕ್ಕಿದ್ದು ಅವರಿಂದಲೇ.

ಕಷ್ಟದ ಮಾತನ್ನೂ ಹೇಳಬೇಕು. ಕೋಣೆ ತೋರಿಸುವ ಮೊದಲೇ “ನೀವು ಯಾವ ಜನ?” ಎಂದು ಕೇಳಿದ ಮನೆಗಳಿವೆ. ಹೆಸರು, ಊರು, ವಿಭಾಗ, ಇಷ್ಟು ಹೇಳಿ ಸುಮ್ಮನಾಗುವುದು ನನ್ನ ಪದ್ಧತಿ. ಮತ್ತೆ ಕೇಳಿದರೆ ನಮಸ್ಕಾರ ಹೇಳಿ ಹೊರಡುತ್ತಿದ್ದೆ. ನನ್ನ ಜೊತೆ ಹುಡುಕುತ್ತಿದ್ದ ಗೆಳತಿ ಮುಸ್ಲಿಂ ಹುಡುಗಿ. ಅವಳ ಹೆಸರು ಕೇಳಿದ ಮೇಲೆ ಖಾಲಿಯಿದ್ದ ಕೋಣೆ “ನಿನ್ನೆಯೇ ಆಯಿತು” ಎಂದಾದದ್ದನ್ನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಆ ನೋವು ನನ್ನಲ್ಲಿ ಹಾಗೆಯೇ ಇದೆ. ಅಂದಿನಿಂದ ನಾವಿಬ್ಬರೂ ಜೊತೆಯಾಗಿಯೇ ಕೋಣೆ ಕೇಳುವುದು, ಒಬ್ಬಳಿಗೆ ಇಲ್ಲವೆಂದರೆ ಇಬ್ಬರಿಗೂ ಬೇಡ ಎಂದು ಮಾತಾಡಿಕೊಂಡೆವು. ಕೊನೆಗೆ ಅಸೈಗೋಳಿಯ ಒಳರಸ್ತೆಯ ಮನೆಯೊಂದರಲ್ಲಿ ವಯಸ್ಸಾದ ಅಮ್ಮ ಇಬ್ಬರ ಹೆಸರನ್ನೂ ಕೇಳಿಕೊಂಡು, “ಓದುವ ಮಕ್ಕಳಲ್ಲವಾ, ಮೇಲೆ ಹೋಗಿ ನೋಡಿ ಬನ್ನಿ, ಕಾಲಿಗೆ ಜಾಗ್ರತೆ, ಮೆಟ್ಟಿಲು ಜಾರುತ್ತದೆ” ಎಂದರು. ಅಂಥ ಮನೆಗಳೂ ಈ ಊರಿನಲ್ಲಿ ಬೇಕಾದಷ್ಟಿವೆ. ಹುಡುಕಾಟದ ಮೊದಲ ವಾರದಲ್ಲಿ ಮನಸ್ಸು ಮುರಿದುಕೊಳ್ಳಬಾರದು.

ಇನ್ನು ಕೋಣೆಯನ್ನು ನೋಡುವ ಬಗೆ. ಕರಾವಳಿಯ ಕೋಣೆಯನ್ನು ಎರಡು ತಿಂಗಳುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಬೇಕು, ಜುಲೈ ಮತ್ತು ಮೇ.

ಇಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ನಮ್ಮ ರೋಣದಲ್ಲಿ ಅದರ ಐದರಲ್ಲಿ ಒಂದು ಪಾಲೂ ಸುರಿಯುವುದಿಲ್ಲ. ಮಳೆ ಬೀಸಿ ಬರುವುದು ಸಮುದ್ರದ ಕಡೆಯಿಂದ, ಆದ್ದರಿಂದ ಮೊದಲು ಪಡುವಣ ಗೋಡೆಯನ್ನು ನೋಡುತ್ತೇನೆ. ಹೊಸದಾಗಿ ಬಣ್ಣ ಬಳಿದಿದ್ದರೂ ಒದ್ದೆಯಾಗಿದ್ದ ಗೋಡೆಯಲ್ಲಿ ಕೆಳಗಿನ ಮೂಲೆಗಳು ಉಬ್ಬಿರುತ್ತವೆ, ಕೈಯಿಂದ ಒತ್ತಿದರೆ ಪುಡಿ ಉದುರುತ್ತದೆ. ಕಿಟಕಿಯ ಮೇಲೆ ಸಜ್ಜಾ ಇಲ್ಲದಿದ್ದರೆ ನಾಲ್ಕು ತಿಂಗಳು ಆ ಕಿಟಕಿ ತೆರೆಯಲಾಗದು. ಕಪಾಟಿನ ಬಾಗಿಲು ತೆಗೆದು ಮೂಸಿ ನೋಡಿ. ಬೂಷ್ಟಿನ ವಾಸನೆಯನ್ನು ಯಾವ ಬಣ್ಣವೂ ಮುಚ್ಚುವುದಿಲ್ಲ. ಆಮೇಲೆ ತಾರಸಿಗೆ ಹೋಗಬೇಕು. ಈ ಊರಿನಲ್ಲಿ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸಿರುತ್ತಾರೆ. ಅದರಿಂದ ಸೋರುವುದೂ ತಪ್ಪುತ್ತದೆ, ಬಟ್ಟೆ ಒಣಗಿಸಲು ಜಾಗವೂ ಆಗುತ್ತದೆ. ಆ ಜಾಗವನ್ನು ಬಾಡಿಗೆಯವರೂ ಬಳಸಬಹುದೇ ಎಂದು ಬಾಯಿಬಿಟ್ಟು ಕೇಳಿ. ಕೇಳದೆ ಬಂದವರು ಜುಲೈ ಪೂರ್ತಿ ಹಸಿಬಟ್ಟೆಯನ್ನು ಫ್ಯಾನಿನ ಕೆಳಗೆ ಹರಡಿ ಮಲಗುತ್ತಾರೆ. ಆ ತೇವದಲ್ಲೇ ನೆಗಡಿ, ಚರ್ಮದ ತುರಿಕೆ ಶುರುವಾಗುತ್ತದೆ.

ಅಂಕಪಟ್ಟಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೂಲಪ್ರತಿಗಳನ್ನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಬಿಸಿಲು ಕಂಡ ದಿನ ತೆರೆದು ನೋಡುತ್ತಿರಬೇಕು. ಪುಸ್ತಕಗಳನ್ನು ಗೋಡೆಗೆ ಒತ್ತಿ ಜೋಡಿಸಬೇಡಿ, ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಚರ್ಮದ ಚಪ್ಪಲಿ ಮಳೆಗಾಲಕ್ಕೆ ಬೇಡವೇ ಬೇಡ. ಮಳೆ ಜೋರಾದ ದಿನ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದರೆ ಆದೇಶವನ್ನು ಕೊನೆಯ ಸಾಲಿನವರೆಗೆ ಓದಿ. ಅನೇಕ ಸಲ ಅದು ಪಿಯು ಕಾಲೇಜಿನವರೆಗೆ ಮಾತ್ರ. ಊರಿಗೆ ಹೋಗಿ ಬರುವುದಿದ್ದರೆ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳಿ, ಶಿರಾಡಿ ಘಾಟಿಯಲ್ಲಾಗಲಿ ಸಕಲೇಶಪುರ–ಸುಬ್ರಹ್ಮಣ್ಯ ರೈಲು ಮಾರ್ಗದಲ್ಲಾಗಲಿ ಗುಡ್ಡ ಜರಿದು ದಾರಿ ಕಟ್ಟುವುದುಂಟು.

ಇಷ್ಟೆಲ್ಲ ಮಳೆ ಸುರಿಯುವ ಊರಿನಲ್ಲಿ ಮೇ ತಿಂಗಳಲ್ಲಿ ನೀರಿಗೆ ಬರ ಬರುತ್ತದೆ ಎಂದರೆ ನನಗೆ ಮೊದಲು ನಂಬಿಕೆಯೇ ಬರಲಿಲ್ಲ. ಕೊಣಾಜೆಯ ಸುತ್ತಮುತ್ತ ಮುರಕಲ್ಲಿನ ಪದವು, ಅಂದರೆ ಎತ್ತರದ ಬಯಲು. ರಂಧ್ರಗಳಿಂದ ತುಂಬಿದ ಆ ಕಲ್ಲಿನೊಳಗೆ ಮಳೆನೀರು ಬೇಗ ಇಳಿದು ತಗ್ಗಿನ ಕಡೆ ಹರಿದುಹೋಗುತ್ತದೆ, ಎತ್ತರದ ಮನೆಗಳ ಬಾವಿ ಮಾರ್ಚ್ ಹೊತ್ತಿಗೆ ಇಳಿಯತೊಡಗುತ್ತದೆ. ಮನೆಯವರು “ಬಾವಿ ಇದೆ” ಎನ್ನುತ್ತಾರೆ, ಅದು ನಿಜವೇ. ಕೇಳಬೇಕಾದದ್ದು ಮೇ ತಿಂಗಳ ಕೊನೆಯಲ್ಲಿ ಬಾವಿಯಲ್ಲಿ ನೀರು ಇರುತ್ತದೆಯೇ, ಟ್ಯಾಂಕರ್ ತರಿಸಿದರೆ ಹಣ ಯಾರದು ಎಂದು. ನೆರೆಮನೆಯವರನ್ನೂ ಒಂದು ಮಾತು ಕೇಳಿ. ಪರೀಕ್ಷೆಯ ದಿನಗಳಲ್ಲಿ ಒಂದು ಬಕೆಟ್ ನೀರಿಗಾಗಿ ಮೂವರು ಕಾಯುವ ಪರಿಸ್ಥಿತಿ ಯಾರಿಗೂ ಬರಬಾರದು. ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸಂಜೆಗಳಲ್ಲಿ ಸಿಡಿಲೂ ಜೋರು. ಮೋಡ ಕಟ್ಟಿದರೆ ಲ್ಯಾಪ್‌ಟಾಪ್, ಮೊಬೈಲ್ ಚಾರ್ಜರುಗಳನ್ನು ಪ್ಲಗ್ಗಿನಿಂದ ತೆಗೆದುಬಿಡಿ. ಮನೆಯವರು ಟಿವಿಯ ಕೇಬಲ್ ಕೂಡ ಕಳಚಿಡುವುದನ್ನು ನೋಡಿ ಕಲಿತದ್ದು ಇದು.

ಬಾಡಿಗೆ ಕರಾರನ್ನು ಇಲ್ಲಿಯೂ ಹನ್ನೊಂದು ತಿಂಗಳಿಗೇ ಬರೆಯುತ್ತಾರೆ. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. ಆ ಓಡಾಟ ಬೇಡವೆಂದೇ ಹನ್ನೊಂದು. ಎಷ್ಟೋ ಮನೆಗಳಲ್ಲಿ ಕಾಗದವೇ ಇರುವುದಿಲ್ಲ, ಬಾಯಿಮಾತು. ಅಸೈಗೋಳಿಯ ಆ ಅಮ್ಮನವರ ಮನೆಯಲ್ಲೂ ಹಾಗೆಯೇ ಇತ್ತು. ನಾವೇ ಒಂದು ಹಾಳೆಯಲ್ಲಿ ಮುಂಗಡ ಎಷ್ಟು, ಬಾಡಿಗೆ ಯಾವ ದಿನಾಂಕಕ್ಕೆ, ನೀರು ಮತ್ತು ವಿದ್ಯುತ್ ಯಾರ ಲೆಕ್ಕ, ಬಿಡುವುದಾದರೆ ಎಷ್ಟು ಮೊದಲು ಹೇಳಬೇಕು ಎಂದು ಬರೆದು ಓದಿಹೇಳಿದೆವು. ಅವರ ಮಗ ಸಂತೋಷದಿಂದಲೇ ಸಹಿ ಹಾಕಿದರು. ಕೇಳಿದರೆ ಬೇಸರಪಟ್ಟುಕೊಳ್ಳುತ್ತಾರೇನೋ ಎಂದು ಹಿಂಜರಿಯಬೇಕಾಗಿಲ್ಲ, ಗೌರವದಿಂದ ಕೇಳಿದರೆ ಸಾಕು. ಹಣವನ್ನು ಯುಪಿಐ ಮೂಲಕವೇ ಕೊಡಿ, ಕೋಣೆಗೆ ಸೇರಿದ ದಿನವೇ ಗೋಡೆ, ನಲ್ಲಿ, ಸ್ವಿಚ್ಚುಗಳ ಫೋಟೊ ತೆಗೆದು ಮನೆಯವರಿಗೂ ಕಳುಹಿಸಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕುಚ್ಚಲಕ್ಕಿ ಅನ್ನ ಮೊದಲು ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಜ್ವರ ಬಂದಾಗ ಕೆಳಗಿನ ಅಮ್ಮ ಮಾಡಿಕೊಟ್ಟ ಗಂಜಿ ಮತ್ತು ಉಪ್ಪಿನಕಾಯಿಯಿಂದ ಅದರ ರುಚಿ ಹತ್ತಿತು. ಜೋಳದ ಹಿಟ್ಟನ್ನು ಊರಿನಿಂದ ಒಮ್ಮೆಗೆ ಹೆಚ್ಚು ತರಬೇಡಿ, ಮಳೆಗಾಲದಲ್ಲಿ ಮುಗ್ಗುತ್ತದೆ. ಮೀನು ತಿನ್ನುವವರಿಗೆ ಒಂದು ಮಾತು: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುತ್ತದೆ, ಬಂಗುಡೆ, ಬೂತಾಯಿಯ ಬೆಲೆ ಏರುತ್ತದೆ. ಆ ಎರಡು ತಿಂಗಳ ದರ ನೋಡಿ ಊರೇ ದುಬಾರಿ ಎಂದುಕೊಳ್ಳಬೇಡಿ. ಕೋಣೆಯಲ್ಲಿ ಮೀನು ಮಾಡಬಹುದೇ ಎಂಬುದನ್ನು ಮಾತ್ರ ಮೊದಲೇ ಕೇಳಿಕೊಳ್ಳಿ.

ಒಗ್ಗಿಕೊಳ್ಳುವುದಕ್ಕೆ ನನಗೆ ಸಹಾಯ ಮಾಡಿದ್ದು ತುಳು. ಇಲ್ಲಿ ಕನ್ನಡ ಎಲ್ಲರಿಗೂ ಬರುತ್ತದೆ, ನಮ್ಮೊಡನೆ ಕನ್ನಡದಲ್ಲೇ ಮಾತಾಡುತ್ತಾರೆ. ಆದರೆ ಅವರವರ ಮಾತು ತುಳು, ಬ್ಯಾರಿ, ಕೊಂಕಣಿ. ಸಂಜೆ ಅಂಗಳದಲ್ಲಿ ಕುಳಿತಾಗ ನಡೆಯುವ ಮಾತು ತಿಳಿಯದಿದ್ದರೆ ಎಷ್ಟು ದಿನ ಇದ್ದರೂ ಹೊರಗಿನವರೇ. “ಒಣಸ್ ಆಂಡಾ ಅಮ್ಮಾ?” (ಊಟ ಆಯಿತಾ ಅಮ್ಮಾ?) ಎಂದು ನಾನು ಮೊದಲ ಬಾರಿ ಕೇಳಿದ ದಿನದಿಂದ ಆ ಮನೆಯಲ್ಲಿ ನಮ್ಮ ಜಾಗ ಬದಲಾಯಿತು. ಆಮೇಲೆ ಅವರ ಮಗಳ ಜೊತೆ ಹತ್ತಿರದ ಬಯಲಿನಲ್ಲಿ ಮೇಳದ ಯಕ್ಷಗಾನಕ್ಕೆ ಹೋದೆವು, ಕುಟುಂಬದ ದೈವದ ಕೋಲಕ್ಕೂ ಕರೆದರು. ತರಗತಿಯಲ್ಲಿ ಪಾಡ್ದನಗಳ, ಅಂದರೆ ತುಳುವಿನ ಕಥನಗೀತೆಗಳ, ಪಾಠ ನಡೆದಾಗ ಅದು ಪಠ್ಯವಾಗಿ ಮಾತ್ರ ಉಳಿಯಲಿಲ್ಲ. ಕ್ಯಾಂಪಸ್ಸಿನೊಳಗೇ ಉಳಿದುಬಿಡುವವರಿಗೆ ಇದು ಸಿಗುವುದಿಲ್ಲ, ಅದಕ್ಕೇ ಮನೆಯವರು ಇರುವ ಮನೆಯ ಕೋಣೆಯನ್ನೇ ನಾನು ಎಲ್ಲರಿಗೂ ಸೂಚಿಸುವುದು.

ವಿದ್ಯುತ್ ಬಿಲ್ಲಿನ ವಿಷಯ ಬಾಕಿ ಉಳಿಯಿತು. ನಿಮ್ಮ ಕೋಣೆಗೆ ಪ್ರತ್ಯೇಕ ಮೆಸ್ಕಾಂ ಮೀಟರ್ ಇದ್ದರೆ ಬಾಡಿಗೆದಾರರೂ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಗೆ ಅರ್ಜಿ ಹಾಕಬಹುದು. ಬಿಲ್ಲಿನಲ್ಲಿರುವ ಆರ್.ಆರ್. ಸಂಖ್ಯೆ, ಆಧಾರ್ ಮತ್ತು ಅಲ್ಲಿ ವಾಸವಿರುವುದಕ್ಕೆ ದಾಖಲೆ ಬೇಕು. ಬಾಡಿಗೆ ಕರಾರು ಕಾಗದದಲ್ಲಿರಬೇಕು ಎನ್ನುವುದಕ್ಕೆ ಇದೂ ಒಂದು ಕಾರಣ. ಮನೆಯ ಬಿಲ್ಲು ಸೊನ್ನೆ ಬರುತ್ತಿದ್ದರೂ ವಿದ್ಯಾರ್ಥಿಗಳಿಂದ ವಿದ್ಯುತ್ ಹಣ ಪಡೆಯುವವರನ್ನು ಕಂಡಿದ್ದೇನೆ, ಆದ್ದರಿಂದ ಬಿಲ್ಲು ತೋರಿಸಿ ಎಂದು ಕೇಳುವುದರಲ್ಲಿ ತಪ್ಪಿಲ್ಲ. ಓದು ಮುಗಿಸಿ ಕೋಣೆ ಬಿಡುವಾಗ ನಿಮ್ಮ ಆಧಾರ್ ಜೋಡಣೆಯನ್ನು ಸೇವಾಸಿಂಧುವಿನಲ್ಲಿ ರದ್ದು ಮಾಡಿಸಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಊರಿನ ಮನೆಗೆ ಅರ್ಜಿ ಹಾಕಲು ತೊಡಕಾಗುತ್ತದೆ.